ಏಳು ಯೂನಿಟ್ ಜಾಗ

60 ಯೂನಿಟ್ (ಕೋರ್ಸಿನ ಗಾತ್ರ ಅಳೆಯುವ ಕ್ರೆಡಿಟ್) ಅಂದರೆ ಬೇಕಾದಷ್ಟು ಜಾಗ ಇದೆ ಅನ್ನಿಸುತ್ತದೆ. ಎರಡು ವರ್ಷ, ನಾಲ್ಕು ಸೆಮಿಸ್ಟರ್, ಸೆಮಿಸ್ಟರಿಗೆ 15. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಇಷ್ಟು ಓದಿ ಅಸೋಸಿಯೇಟ್ ಡಿಗ್ರಿ ತಗೊಂಡು, ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಸೇರಬಹುದು. ಕೋರ್ಸ್ ಪಟ್ಟಿ ತೆರೆದ ಮಕ್ಕಳಿಗೆ ಎಲ್ಲವೂ ಬೇಕು. ಖಗೋಳಶಾಸ್ತ್ರ ಬೇಕು, ಫೋಟೋಗ್ರಫಿ ಬೇಕು, ಜಪಾನೀಸ್ ಬೇಕು. ಆಮೇಲೆ ಪೆನ್ನು ಹಿಡಿದು ಕೂಡಿಸಿ ಕಳೆದು ನೋಡಿದರೆ ಉಳಿಯುವುದು ಆರೋ ಏಳೋ ಯೂನಿಟ್. ಅಂದರೆ ಎಲೆಕ್ಟಿವ್‌ಗೆ, ನಮ್ಮಿಷ್ಟದ ಓದಿಗೆ, ಎರಡು ಕೋರ್ಸ್.

ಆ ಎರಡು ಕೋರ್ಸಿನ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ನಾನು ಕೌನ್ಸೆಲರ್ ಅಲ್ಲ. ಈ ದೇಶಕ್ಕೆ ಬಂದ ಹೊಸದರಲ್ಲಿ ಸಂಜೆ ಹೊತ್ತು ಇಂಥದೇ ಒಂದು ಕಾಲೇಜಿನಲ್ಲಿ ಅಕೌಂಟಿಂಗ್ ಓದಿದವಳು, ಅಷ್ಟೇ. ಆದರೆ ಅಷ್ಟಕ್ಕೇ ನಮ್ಮ ಪರಿಚಯದವರಲ್ಲಿ ಯಾರ ಮಗ ಕಮ್ಯುನಿಟಿ ಕಾಲೇಜಿಗೆ ಸೇರಿದರೂ ಫೋನ್ ನನಗೆ ಬರುತ್ತದೆ. ಮೊದಲೆಲ್ಲಾ ಈ ಫೋನು ಮೆಲುದನಿಯಲ್ಲಿ ಬರುತ್ತಿತ್ತು. ಮಗಳಿಗೆ ಬರ್ಕ್ಲಿ ಸಿಗಲಿಲ್ಲ, ಯಾರಿಗೂ ಹೇಳಬೇಡಿ ಅನ್ನುವ ಧಾಟಿ. ಈಗ ಕಡಿಮೆಯಾಗಿದೆ. ರಾಜ್ಯದ ನಿವಾಸಿಗಳಿಗೆ ಇಲ್ಲಿ ಯೂನಿಟ್‌ಗೆ 46 ಡಾಲರ್. 2012ರಿಂದ ಅದೇ ದರ. ಮೂರು ಯೂನಿಟ್ಟಿನ ಕೋರ್ಸಿಗೆ 138 ಡಾಲರ್ ಅಂದಾಗ ಯಾವ ಅಪ್ಪನಿಗೂ ನಾಚಿಕೆ ಆಗುವುದಿಲ್ಲ.

ಇಂಥ ಕಾಲೇಜುಗಳು ಈ ರಾಜ್ಯದಲ್ಲಿ 116 ಇವೆ. 1960ರಲ್ಲಿ ಮಾಸ್ಟರ್ ಪ್ಲಾನ್ ಅಂತ ಒಂದು ಯೋಜನೆ ಮಾಡಿ, ಉನ್ನತ ಶಿಕ್ಷಣವನ್ನು ಮೂರು ಅಂತಸ್ತು ಮಾಡಿದರು. ಮೇಲೆ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ), ಅಂದರೆ ಬರ್ಕ್ಲಿ, ಯುಸಿಎಲ್‌ಎ, ಡೇವಿಸ್ ಇವೆಲ್ಲ. ನಡುವೆ ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ), ಅಂದರೆ ಸ್ಯಾನ್ ಹೊಸೆ ಸ್ಟೇಟ್ ಥರದವು. ಕೆಳಗೆ ಕಮ್ಯುನಿಟಿ ಕಾಲೇಜು, ಯಾರಿಗೆ ಬೇಕಾದರೂ ಬಾಗಿಲು ತೆರೆದಿರುವುದು. ಕೆಳಗೆ ಸೇರಿದವನು ಮೇಲಕ್ಕೆ ಹತ್ತಬಹುದು ಅನ್ನುವುದೇ ಆ ಯೋಜನೆಯ ಜೀವಾಳ. ಆದರೆ ಮೆಟ್ಟಿಲು ಬಹಳ ವರ್ಷ ಅಡ್ಡಾದಿಡ್ಡಿಯಾಗಿತ್ತು. ಒಂದೊಂದು ಕ್ಯಾಂಪಸ್‌ಗೆ ಒಂದೊಂದು ನಿಯಮ. ಮಕ್ಕಳು ಬೇಡದ್ದನ್ನೆಲ್ಲಾ ಓದಿ, ಬೇಕಾದ್ದನ್ನು ಬಿಟ್ಟು, ಮೂರು ನಾಲ್ಕು ವರ್ಷ ಅಲ್ಲೇ ಸುತ್ತುತ್ತಿದ್ದರು. ಅದಕ್ಕೇ 2010ರಲ್ಲಿ ಕಾನೂನು ಮಾಡಿ 'ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್' ತಂದರು. ಇದನ್ನು ಮುಗಿಸಿದರೆ ಸಿಎಸ್‌ಯುನ ಯಾವುದಾದರೂ ಒಂದು ಕ್ಯಾಂಪಸ್‌ನಲ್ಲಿ ಸೀಟು ಖಾತ್ರಿ. ಯಾವುದಾದರೂ ಒಂದು. ಈ ಮಾತನ್ನು ನಾನು ಫೋನಿನಲ್ಲಿ ಎರಡೆರಡು ಸಲ ಹೇಳುತ್ತೇನೆ. ಕೇಳುವವರ ಕಿವಿಗೆ ಅದು ಯಾವಾಗಲೂ ಸ್ಯಾನ್ ಹೊಸೆ ಸ್ಟೇಟ್ ಅಂತಲೇ ಬೀಳುತ್ತದೆ.

ಈ ಸಲ ಫೋನು ಬಂದದ್ದು ಸ್ವಂತ ತಂಗಿಯಿಂದ. ಅವಳ ಮಗ ಬಿಸಿನೆಸ್ ಅಡ್ಮಿನಿಸ್ಟ್ರೇಶನ್‌ಗೆ ಹೆಸರು ಕೊಟ್ಟಿದ್ದ. ಬಿಸಿನೆಸ್ಸೇ ಯಾಕೆ ಅಂದರೆ ಅವನಿಗೂ ಗೊತ್ತಿಲ್ಲ. ಹದಿನೆಂಟು ವರ್ಷದ ಹುಡುಗನಿಗೆ ಗೊತ್ತಿರಬೇಕು ಅಂತಲೂ ಇಲ್ಲ ಬಿಡಿ.

ಲೆಕ್ಕ ಹೀಗೆ. ಮೊದಲು ಯಾವ ವಿಷಯದವರೂ ಓದಬೇಕಾದ ಜನರಲ್ ಎಜುಕೇಶನ್, ಎಲ್ಲರೂ 'ಜಿಇ' ಅನ್ನುತ್ತಾರೆ. 2025ರ ಫಾಲ್‌ನಿಂದ, ಅಂದರೆ ಆಗಸ್ಟ್ ಹೊತ್ತಿಗೆ ಶುರುವಾಗುವ ಸೆಮಿಸ್ಟರಿನಿಂದ, ಯುಸಿಗೂ ಸಿಎಸ್‌ಯುಗೂ ಸೇರಿ ಒಂದೇ ಪಟ್ಟಿ, ಅದರ ಹೆಸರು ಕ್ಯಾಲ್‌ಗೆಟ್ಸಿ. ಹನ್ನೊಂದು ಕೋರ್ಸ್, ಅದರ ಜೊತೆ ಒಂದು ಲ್ಯಾಬ್, ಒಟ್ಟು 34 ಯೂನಿಟ್. ಇಂಗ್ಲಿಷ್ ಬರವಣಿಗೆ, ತರ್ಕ, ಭಾಷಣ, ಗಣಿತ, ಕಲೆ, ಮಾನವಿಕ, ಸಮಾಜ ವಿಜ್ಞಾನ ಎರಡು, ಭೌತ ವಿಜ್ಞಾನ, ಜೀವ ವಿಜ್ಞಾನ, ಎಥ್ನಿಕ್ ಸ್ಟಡೀಸ್ (ಜನಾಂಗೀಯ ಅಧ್ಯಯನ). ಎರಡನೆಯದು ಮೇಜರ್, ಅಂದರೆ ಮುಖ್ಯ ವಿಷಯ. ಬಿಸಿನೆಸ್‌ಗೆ ಎರಡು ಅಕೌಂಟಿಂಗ್, ಮೈಕ್ರೋ ಎಕನಾಮಿಕ್ಸ್, ಮ್ಯಾಕ್ರೋ ಎಕನಾಮಿಕ್ಸ್, ಬಿಸಿನೆಸ್ ಲಾ, ಒಂದು ಗಣಿತ ಹೀಗೆ ಹೆಚ್ಚುಕಡಿಮೆ 26. ಕಾಲೇಜಿನಿಂದ ಕಾಲೇಜಿಗೆ ಒಂದೆರಡು ಯೂನಿಟ್ ಆಚೀಚೆ. 34 ಮತ್ತು 26 ಕೂಡಿದರೆ ಅಲ್ಲಿಗೆ 60 ಆಯಿತು, ಎಲೆಕ್ಟಿವ್‌ಗೆ ಜಾಗವೇ ಇಲ್ಲ ಅಲ್ವಾ?

ಇಲ್ಲಿದೆ ಗುಟ್ಟು. ಒಂದೇ ಕೋರ್ಸನ್ನು ಎರಡೂ ಕಡೆ ಲೆಕ್ಕಕ್ಕೆ ಹಿಡಿಯಬಹುದು. ಮೇಜರ್‌ಗೆ ಬೇಕಾದ ಸ್ಟ್ಯಾಟಿಸ್ಟಿಕ್ಸ್ ಜಿಇಯ ಗಣಿತಕ್ಕೂ ಆಗುತ್ತದೆ. ಮೈಕ್ರೋ ಎಕನಾಮಿಕ್ಸ್ ಸಮಾಜ ವಿಜ್ಞಾನಕ್ಕೂ ಆಗುತ್ತದೆ. ಹಾಗೆ ಮಿಕ್ಕಿದ್ದೇ ಏಳು ಯೂನಿಟ್. ಎಲೆಕ್ಟಿವ್ ಅನ್ನುವುದು ಯಾರೋ ನಮಗೆ ಕೊಡುವ ಜಾಗ ಅಲ್ಲ. ಹೀಗೆ ಜೋಡಿಸಿ ಜೋಡಿಸಿ ನಾವು ಉಳಿಸಿಕೊಂಡ ಜಾಗ. ಎಷ್ಟು ಉಳಿಯುತ್ತದೆ ಅನ್ನುವುದು ಮೇಜರ್ ಮೇಲೆ ಹೋಗುತ್ತದೆ. ಸೈಕಾಲಜಿಯವರಿಗೆ ಹದಿನೈದಕ್ಕೂ ಜಾಸ್ತಿ ಉಳಿಯಬಹುದು. ಕಂಪ್ಯೂಟರ್ ಸೈನ್ಸ್‌ನವರಿಗೆ ಬಹುತೇಕ ಏನೂ ಇಲ್ಲ. ಎಂಜಿನಿಯರಿಂಗ್‌ಗೆ ಹೋಗುವವರಿಗಂತೂ ಜಿಇಯನ್ನು ಆಮೇಲೆ ನೋಡಿಕೊಳ್ಳಿ, ಮೊದಲು ಗಣಿತ, ಭೌತಶಾಸ್ತ್ರ ಮುಗಿಸಿ ಅಂತ ಯುಸಿಯೇ ಹೇಳುತ್ತದೆ.

ನಮ್ಮ ಹುಡುಗ ಮೈಕ್ರೋ, ಮ್ಯಾಕ್ರೋ ಎರಡನ್ನೂ ಸಮಾಜ ವಿಜ್ಞಾನದ ಎರಡು ಮನೆಗೆ ತುಂಬಿ, ಹತ್ತು ಯೂನಿಟ್ ಉಳಿಯಿತು ಅಂತ ಕುಣಿಯುತ್ತಿದ್ದ. ಅದು ನಡೆಯುವುದಿಲ್ಲ. ಆ ಎರಡು ಕೋರ್ಸ್ ಬೇರೆ ಬೇರೆ ವಿಷಯದ್ದೇ ಆಗಿರಬೇಕು ಅಂತ ನಿಯಮ. ಎರಡೂ ಎಕನಾಮಿಕ್ಸ್ ಆಗುವಂತಿಲ್ಲ. ಮುಖ ಸಪ್ಪೆ ಮಾಡಿಕೊಂಡ. ಆದರೆ ನನಗೆ ಆ ನಿಯಮ ಬಹಳ ಇಷ್ಟ. ಯಾಕೆಂದರೆ ಆ ಖಾಲಿ ಮನೆಗೆ ಸೈಕಾಲಜಿ ಹಾಕಬಹುದು, ಮಾನವಶಾಸ್ತ್ರ ಹಾಕಬಹುದು, ಭೂಗೋಳ ಹಾಕಬಹುದು. ಹೆಸರಿಗೆ ಅದು ಕಡ್ಡಾಯದ ಪಟ್ಟಿ. ಒಳಗೆ ನೋಡಿದರೆ ಪೂರ್ತಿ ಆಯ್ಕೆ.

ಜಿಇ ಅಂದರೆ ಕಷಾಯ, ಮೂಗು ಹಿಡಿದು ಕುಡಿದು ಮುಗಿಸಬೇಕು ಅಂತ ಮಕ್ಕಳು ಅಂದುಕೊಂಡಿರುತ್ತಾರೆ. ಹಿರಿಯ ವಿದ್ಯಾರ್ಥಿಗಳು ಯಾವ ಮೇಷ್ಟ್ರು ಸುಲಭವಾಗಿ ಎ ಕೊಡುತ್ತಾರೆ ಅಂತ ಹೇಳಿಕೊಟ್ಟಿರುತ್ತಾರೆ. ಅದೇ ಪಟ್ಟಿಯಿಂದ ಕೋರ್ಸ್ ಆರಿಸುತ್ತಾರೆ. ಆಮೇಲೆ, ಇಷ್ಟ ಬಂದದ್ದನ್ನು ಓದಕ್ಕೆ ಎಲೆಕ್ಟಿವ್ ಜಾಗವೇ ಇಲ್ಲ ಅಂತ ಗೊಣಗುತ್ತಾರೆ. ಕಲೆಗೆ ಒಂದು ಮನೆ, ಮಾನವಿಕಕ್ಕೆ ಒಂದು, ವಿಜ್ಞಾನಕ್ಕೆ ಎರಡು, ಸಮಾಜ ವಿಜ್ಞಾನಕ್ಕೆ ಎರಡು. ಒಂದೊಂದು ಮನೆಯಲ್ಲೂ ಹತ್ತಿಪ್ಪತ್ತು ಕೋರ್ಸ್ ಇರುತ್ತವೆ. ಮೊದಲು ಅಲ್ಲಿ ಆಸೆ ತೀರಿಸಿಕೊಳ್ಳಬೇಕು.

ಉದಾಹರಣೆಗೆ ಲ್ಯಾಬ್ ಇರುವ ಭೌತ ವಿಜ್ಞಾನ. ಅವನಿಗೆ ಕೆಮಿಸ್ಟ್ರಿ ಅಂದರೆ ಅಲರ್ಜಿ. ಜಿಯಾಲಜಿ ತಗೋ ಅಂದೆ. ಕಲ್ಲು ಮಣ್ಣು ಓದಿ ಏನು ಮಾಡಲಿ ದೊಡ್ಡಮ್ಮ ಅಂದ. ಅವರ ಮನೆ ಇರುವುದು ಫ್ರೀಮಾಂಟ್‌ನಲ್ಲಿ. ಹೇವರ್ಡ್ ಫಾಲ್ಟ್ ಅನ್ನುವ ಬಿರುಕು ಆ ಊರಿನ ಅಡಿಯಲ್ಲೇ ಹಾದುಹೋಗುತ್ತದೆ. 1868ರ ಅಕ್ಟೋಬರ್‌ನಲ್ಲಿ ಅದು ಸರಿದಾಗ ಆ ಊರಲ್ಲೇ ಇರುವ ಮಿಷನ್ ಸ್ಯಾನ್ ಹೊಸೆಯ ಮಣ್ಣಿನ ಗೋಡೆಯ ಇಗರ್ಜಿ ನೆಲಕಚ್ಚಿತು. ಇವತ್ತಿಗೂ ಆ ಬಿರುಕು ಸದ್ದಿಲ್ಲದೆ ಸ್ವಲ್ಪ ಸ್ವಲ್ಪವೇ ಸರಿಯುತ್ತಿದೆ. ಅದರ ಮೇಲೆ ಬಂದ ರಸ್ತೆ ಅಂಚಿನ ಕಾಂಕ್ರೀಟ್ ಕಟ್ಟೆಗಳು ಸೊಟ್ಟ ಆಗಿರುವುದನ್ನು ಕಣ್ಣಾರೆ ನೋಡಬಹುದು. ಮನೆ ಸಾಲ ಕಟ್ಟುವುದು ಹೇಗೆ ಅಂತ ಬಿಸಿನೆಸ್‌ನಲ್ಲಿ ಹೇಳಿಕೊಡುತ್ತಾರೆ. ಆ ಮನೆ ಯಾವುದರ ಮೇಲೆ ಕೂತಿದೆ ಅಂತ ಇಲ್ಲಿ ಹೇಳಿಕೊಡುತ್ತಾರೆ. ಪಟ್ಟಿಗೆ ಹಾಕಿಕೊಂಡ. ಒಪ್ಪಿ ಹಾಕಿಕೊಂಡನೋ, ನನ್ನ ಕಾಟಕ್ಕೋ ಗೊತ್ತಿಲ್ಲ.

ಇನ್ನು ಆ ಏಳು ಯೂನಿಟ್.

ತಂಗಿ ಮನೆಯ ಊಟದ ಮೇಜಿನ ಮೇಲೆ ಅವನ ಲ್ಯಾಪ್‌ಟಾಪ್. ಅದರಲ್ಲಿ ಅಸಿಸ್ಟ್ ತೆರೆದಿತ್ತು. ಯಾವ ಕಾಲೇಜಿನ ಯಾವ ಕೋರ್ಸನ್ನು ಯಾವ ವಿಶ್ವವಿದ್ಯಾಲಯ ಒಪ್ಪುತ್ತದೆ ಅಂತ ಹೇಳುವ ಅಧಿಕೃತ ವೆಬ್‌ಸೈಟ್ ಅದು. ಎಡಗಡೆ ವಿಶ್ವವಿದ್ಯಾಲಯ ಕೇಳುವ ಕೋರ್ಸ್, ನಡುವೆ ಒಂದು ಬಾಣ, ಬಲಗಡೆ ಅದಕ್ಕೆ ಸಮನಾದ ನಮ್ಮ ಕಾಲೇಜಿನ ಕೋರ್ಸ್. ಕೆಲವು ಕಡೆ ಬಲಗಡೆ ಕೋರ್ಸ್ ಇಲ್ಲ, 'ನೋ ಕೋರ್ಸ್ ಆರ್ಟಿಕ್ಯುಲೇಟೆಡ್' ಅಂತ ಇರುತ್ತದೆ. ಅಂದರೆ ಇಲ್ಲಿ ಅದಕ್ಕೆ ಸಮನಾದದ್ದಿಲ್ಲ, ಅಲ್ಲಿಗೆ ಹೋದ ಮೇಲೆ ಓದಿಕೋ ಅಂತ. ಇನ್ನು ಕೆಲವು ಕಡೆ ಎರಡು ಕೋರ್ಸುಗಳನ್ನು ಒಂದು ಗೆರೆ ಎಳೆದು ಕಟ್ಟಿರುತ್ತಾರೆ, ಎರಡನ್ನೂ ಮುಗಿಸಿದರೆ ಮಾತ್ರ ಅಲ್ಲಿನ ಒಂದಕ್ಕೆ ಸಮ. ಈ ಗೆರೆಯನ್ನು ಗಮನಿಸದೆ ಅರ್ಧಕ್ಕೆ ಬಿಟ್ಟವರು ಬಹಳ ಮಂದಿ.

ಬಿಸಿನೆಸ್‌ನ ಈ ಟ್ರಾನ್ಸ್‌ಫರ್ ಡಿಗ್ರಿಗೆ ಒಂದು ಗಣಿತ ಸಾಕು. ಸ್ಟ್ಯಾಟಿಸ್ಟಿಕ್ಸ್ ಆದರೂ ನಡೆಯುತ್ತದೆ. ಆದರೆ ಅವನು ಯುಸಿ ಡೇವಿಸ್ ಎಕನಾಮಿಕ್ಸ್ ಕಡೆಗೂ ಒಂದು ಕಣ್ಣಿಟ್ಟಿದ್ದ. ಆ ಪುಟ ತೆರೆದರೆ ಎಡಗಡೆ ಕ್ಯಾಲ್ಕುಲಸ್ ಕೂತಿತ್ತು. ಯುಸಿಯ ಎಕನಾಮಿಕ್ಸ್ ವಿಭಾಗಗಳು ಬಹುಪಾಲು ಅದನ್ನು ಕೇಳುತ್ತವೆ. ಅಂದರೆ ಆ ಬಾಗಿಲು ತೆರೆದಿರಬೇಕಾದರೆ ಏಳು ಯೂನಿಟ್ ಪೂರ್ತಿ ಗಣಿತಕ್ಕೆ ಹೋಗುತ್ತದೆ. ಇದು ಎಲೆಕ್ಟಿವ್‌ನ ಇನ್ನೊಂದು ಮುಖ. ಡಿಗ್ರಿಯ ಲೆಕ್ಕದಲ್ಲಿ ಅದು ಐಚ್ಛಿಕ. ಹೋಗಬೇಕಾದ ಕಡೆಯವರ ಲೆಕ್ಕದಲ್ಲಿ ಕಡ್ಡಾಯ.

ಅಷ್ಟರಲ್ಲಿ ಹುಡುಗ ಮೆತ್ತಗೆ, ನನಗೆ ಸೆರಾಮಿಕ್ಸ್ ಬೇಕು ಅಂದ.

ತಂಗಿ ಗಂಡ ಹೊರಗೆ ಪಾತಿಗೆ ನೀರು ಬಿಡುತ್ತಿದ್ದವರು ಒಳಗೆ ಬಂದರು. "ಅಕ್ಕಾ, ನೀವಾದ್ರೂ ಹೇಳಿ. ಮಡಿಕೆ ಮಾಡೋದು ಕಲಿಯೋಕೆ ಅಮೆರಿಕಾಗೆ ಬರಬೇಕಿತ್ತಾ? ನಮ್ಮೂರಲ್ಲಿ ಕುಂಬಾರರ ಬೀದಿನೇ ಇತ್ತು."

"ಆ ಬೀದೀಲಿ ನೀನು ಕಲಿತ್ಯಾ ಅಪ್ಪಾ?" ಅಂದ ಮಗ.

ಅದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ. ಪೈಥಾನ್ ಪ್ರೋಗ್ರಾಮಿಂಗ್ ತಗೋ, ಡೇಟಾ ಅನಾಲಿಟಿಕ್ಸ್ ತಗೋ ಅಂತ ಶುರು ಮಾಡಿದರು. ತಪ್ಪೇನಿಲ್ಲ. ಅವರು ಪಿಯುಸಿಯಲ್ಲಿ ಪಿಸಿಎಂಬಿ ತಗೊಂಡ ಕಾಲದವರು, ನಾನೂ ಅದೇ ಕಾಲದವಳು. ನಮಗೆ ಆಯ್ಕೆ ಅಂದರೆ ಒಂದೇ ಸಲ, ಹದಿನಾರನೇ ವಯಸ್ಸಿನಲ್ಲಿ, ಕಾಲೇಜಿನ ಕೌಂಟರ್ ಮುಂದೆ ನಿಂತು. ಸೈನ್ಸೋ ಕಾಮರ್ಸೋ ಆರ್ಟ್ಸೋ. ಕಾಂಬಿನೇಶನ್ ಬರೆದುಕೊಟ್ಟರೆ ಮುಗೀತು. ಆಮೇಲೆ ಬಯಾಲಜಿಯವಳು ಅಕೌಂಟ್ಸ್ ಹೇಗಿರುತ್ತದೆ ಅಂತ ಇಣುಕಿ ನೋಡುವುದಕ್ಕೂ ದಾರಿ ಇರಲಿಲ್ಲ. ಕರ್ನಾಟಕದಲ್ಲಿ 2021-22ರಲ್ಲಿ ಹೊಸ ಶಿಕ್ಷಣ ನೀತಿ ಬಂದಾಗ ಡಿಗ್ರಿ ಮಕ್ಕಳಿಗೆ ಬೇರೆ ವಿಭಾಗದ ಓಪನ್ ಎಲೆಕ್ಟಿವ್ ಬಂತು. 2024ರಲ್ಲಿ ಸರ್ಕಾರ ನಾಲ್ಕು ವರ್ಷದ ಪದ್ಧತಿ ಕೈಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೆ ಹೋಯಿತು. ಅದರ ಸರಿ ತಪ್ಪು ಬೇರೆ ಮಾತು. ನಮ್ಮಂಥವರಿಗೆ, ಖಾಲಿ ಜಾಗ ಕಂಡರೆ ಉಪಯೋಗಕ್ಕೆ ಬರುವುದನ್ನು ತುಂಬಿಬಿಡಬೇಕು ಅನ್ನುವ ತವಕ ರಕ್ತದಲ್ಲೇ ಇದೆ.

ಪೈಥಾನ್ ಬೇಡ ಅಂತ ನಾನು ಹೇಳಿದ್ದು ಬೇರೆ ಕಾರಣಕ್ಕೆ. ಅದನ್ನು ಕಾಲೇಜು ಇಲ್ಲದೆಯೂ ಕಲಿಯಬಹುದು. ಗೂಡು ಉರಿಸಿ ಮಣ್ಣು ಸುಡುವುದನ್ನು ಮನೆಯಲ್ಲಿ ಕಲಿಯಲು ಆಗುವುದಿಲ್ಲ. ಚಕ್ರ, ಗೂಡು, ಮೇಷ್ಟ್ರು ಮೂರೂ 138 ಡಾಲರಿಗೆ ಇನ್ನೆಲ್ಲಿ ಸಿಗುತ್ತದೆ? ಸಾಮಾನಿನ ದುಡ್ಡು ಸ್ವಲ್ಪ ಬೇರೆ ಆಗಬಹುದು, ಅಷ್ಟೇ.

ಆದರೆ ಇಷ್ಟ ಬಂದದ್ದನ್ನೆಲ್ಲಾ ಹಾಕಿಕೋ ಅಂತಲೂ ನಾನು ಹೇಳುವವಳಲ್ಲ. ಎಲೆಕ್ಟಿವ್ ಆದರೂ ಅದು ಟ್ರಾನ್ಸ್‌ಫರ್ ಆಗುವ ಕೋರ್ಸ್ ಆಗಿರಬೇಕು, ಇಲ್ಲದಿದ್ದರೆ 60ರಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಸಿಎಸ್‌ಯು ಒಪ್ಪುವ ಎಲ್ಲವನ್ನೂ ಯುಸಿ ಒಪ್ಪುವುದಿಲ್ಲ. ಯೋಗ, ಈಜು, ಬ್ಯಾಡ್ಮಿಂಟನ್ ಥರದ ವ್ಯಾಯಾಮದ ತರಗತಿಗಳಿಗೆ ಯುಸಿ ಒಟ್ಟು ನಾಲ್ಕು ಸೆಮಿಸ್ಟರ್ ಯೂನಿಟ್ ಮಾತ್ರ ಕೊಡುತ್ತದೆ. ಎಲೆಕ್ಟಿವ್‌ನ ಗ್ರೇಡ್ ಕೂಡ ಒಟ್ಟು ಗ್ರೇಡ್ ಸರಾಸರಿಗೆ (ಜಿಪಿಎ) ಸೇರುತ್ತದೆ. ಸುಮ್ನೆ ಮಜಾಕ್ಕೆ ತಗೊಂಡೆ ಅಂತ ಕ್ಲಾಸಿಗೆ ಹೋಗದೆ ಸಿ ತಗೊಂಡರೆ, ಆ ಸಿ ನೋಡುವವರಿಗೆ ಅದು ಮಜಾದ ಸಿ ಅಂತ ಗೊತ್ತಾಗುವುದಿಲ್ಲ. ಕಾಲೇಜು ಬದಲಿಸಿ ಓದುವವರಿಗೆ ಇನ್ನೊಂದು ತಲೆನೋವು. ಕ್ಯೂಪರ್ಟಿನೋದ ಡಿ ಆನ್ಜಾ ಕಾಲೇಜಿನಲ್ಲಿ ವರ್ಷವನ್ನು ಇನ್ನೂ ಚಿಕ್ಕ ಅವಧಿಗಳಾಗಿ ಹಂಚುವ ಕ್ವಾರ್ಟರ್ ಪದ್ಧತಿ, ಫ್ರೀಮಾಂಟ್‌ನ ಓಲೋನಿಯಲ್ಲಿ ಸೆಮಿಸ್ಟರ್. ಮೂರು ಕ್ವಾರ್ಟರ್ ಯೂನಿಟ್ ಅಂದರೆ ಎರಡು ಸೆಮಿಸ್ಟರ್ ಯೂನಿಟ್. ನಾಲ್ಕು ಯೂನಿಟ್ಟಿನ ಕ್ವಾರ್ಟರ್ ಕೋರ್ಸ್ ಸೆಮಿಸ್ಟರ್ ಲೆಕ್ಕಕ್ಕೆ ಬಂದಾಗ 2.67 ಆಗುತ್ತದೆ. ಕೊನೆಯಲ್ಲಿ 59.3ಕ್ಕೆ ಬಂದು ನಿಂತು, ಆ 0.7 ಯೂನಿಟ್ಟಿಗಾಗಿ ಬೇಸಿಗೆಯಲ್ಲಿ ಇನ್ನೊಂದು ಕೋರ್ಸ್ ಓದುವ ಮಕ್ಕಳು ಇದ್ದಾರೆ. ಹೈಸ್ಕೂಲಿನಲ್ಲಿ ಕಾಲೇಜು ಮಟ್ಟದ ಎಪಿ ಪರೀಕ್ಷೆಯಲ್ಲಿ ಐದಕ್ಕೆ ಮೂರೋ ನಾಲ್ಕೋ ತೆಗೆದ ಮಕ್ಕಳ ಕೈಯಲ್ಲಿ ಆಗಲೇ ಒಂದಷ್ಟು ಯೂನಿಟ್ ಇರುತ್ತದೆ. ಅವರ ಲೆಕ್ಕವೇ ಬೇರೆ.

ಇವೆಲ್ಲಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಯಾವ ಕೋರ್ಸ್ ಅನ್ನುವುದಲ್ಲ, ಯಾವಾಗ ಅನ್ನುವುದು. ಕೌನ್ಸೆಲರ್ ಜೊತೆ ಕೂತು ಎಜುಕೇಶನ್ ಪ್ಲಾನ್ ಮಾಡುವಾಗ ಎಲೆಕ್ಟಿವ್ ಸಹಜವಾಗಿ ಕೊನೆಗೆ ಬರುತ್ತದೆ. ಮೊದಲು ಎಲ್ಲಿಗೆ ಹೋಗಬೇಕು, ಆಮೇಲೆ ಮೇಜರ್, ಆಮೇಲೆ ಜಿಇ, ಮಿಕ್ಕಿದ್ದು ಎಲೆಕ್ಟಿವ್. ಲೆಕ್ಕಕ್ಕೆ ಅದು ಸರಿ. ಆದರೆ ಲೆಕ್ಕದಲ್ಲಿ ಕೊನೆಗೆ ಬಂದದ್ದನ್ನು ಕೊನೆಯ ಸೆಮಿಸ್ಟರಿಗೇ ಇಟ್ಟುಬಿಡುತ್ತಾರೆ. ಮೇಜರ್ ಸರಿಹೊಂದುತ್ತದೋ ಇಲ್ಲವೋ ಅಂತ ನೋಡಲು ತಗೊಳ್ಳುವ ಕೋರ್ಸನ್ನು ನಾಲ್ಕನೇ ಸೆಮಿಸ್ಟರಿಗೆ ಇಟ್ಟರೆ ಏನು ಬಂತು? ಯುಸಿ, ಸಿಎಸ್‌ಯು ಎರಡಕ್ಕೂ ಅರ್ಜಿ ಹಾಕುವುದು ಎರಡನೇ ವರ್ಷದ ಅಕ್ಟೋಬರ್, ನವೆಂಬರ್‌ನಲ್ಲಿ. ಯುಸಿಯ ಆರು ಕ್ಯಾಂಪಸ್‌ಗಳು ಕೊಡುವ ಸೀಟಿನ ಖಾತ್ರಿ, ಅದನ್ನು ಟ್ಯಾಗ್ ಅನ್ನುತ್ತಾರೆ, ಅದಕ್ಕೆ ಸೆಪ್ಟೆಂಬರ್‌ನಲ್ಲೇ ಅರ್ಜಿ. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯೇಗೋದಲ್ಲಿ ಆ ಖಾತ್ರಿ ಇಲ್ಲ. ಅಂದರೆ ಎರಡು ವರ್ಷ ಅನ್ನುವುದು ಬರೀ ಮಾತು. ತೀರ್ಮಾನ ಮಾಡಲು ಸಿಗುವುದು ಒಂದೇ ವರ್ಷ. ಮೊದಲ ಎರಡು ಸೆಮಿಸ್ಟರ್.

ಹಾಗಾಗಿ ಹುಡುಕಾಟದ ಕೋರ್ಸ್ ಮೊದಲ ಸೆಮಿಸ್ಟರಿನಲ್ಲೇ ಇರಬೇಕು. ಸೈಕಾಲಜಿ ಇಷ್ಟವಾಗಬಹುದು ಅನ್ನಿಸಿದರೆ ಅದು ಈಗಲೇ. ಸ್ಟ್ಯಾಟಿಸ್ಟಿಕ್ಸ್ ಕೂಡ ಈಗಲೇ, ಅದು ಬಿಸಿನೆಸ್‌ಗೂ ಸೈಕಾಲಜಿಗೂ ಆಗುತ್ತದೆ, ಮನಸ್ಸು ಬದಲಾದರೂ ನಷ್ಟವಿಲ್ಲ. ಇದಕ್ಕೆ ಅಡ್ಡ ಬರುವುದು ಸರಪಳಿ ಕೋರ್ಸುಗಳು. ಕ್ಯಾಲ್ಕುಲಸ್ ಒಂದು ಆಗದೆ ಎರಡು ಇಲ್ಲ, ಫೈನಾನ್ಷಿಯಲ್ ಅಕೌಂಟಿಂಗ್ ಆಗದೆ ಮ್ಯಾನೇಜೀರಿಯಲ್ ಇಲ್ಲ. ಅವನ್ನು ತಡ ಮಾಡಿದರೆ ಒಂದು ವರ್ಷವೇ ಹಿಂದೆ ಬೀಳುತ್ತದೆ. ಆದ್ದರಿಂದ ಪ್ರತಿ ಸೆಮಿಸ್ಟರಿನಲ್ಲಿ ಒಂದು ಸರಪಳಿಯದ್ದು, ಒಂದು ಹುಡುಕಾಟದ್ದು ಅಂತ ಇಟ್ಟುಕೊಂಡರೆ ನಡೆಯುತ್ತದೆ. ಒಂದು ಭಾಷಣದ ಕೋರ್ಸನ್ನು ಕೊನೆಗೆ ತಳ್ಳಿದರೂ ಆಕಾಶ ಬೀಳುವುದಿಲ್ಲ.

ಈ ಹೊಸ ಒಂದೇ ಪಟ್ಟಿಯಿಂದ ಮಕ್ಕಳಿಗೆ ನಿಜವಾಗಿ ಅನುಕೂಲ ಆಗಿದೆ. ಮೊದಲು ಯುಸಿಗೊಂದು ಪಟ್ಟಿ, ಸಿಎಸ್‌ಯುಗೊಂದು ಪಟ್ಟಿ ಇಟ್ಟುಕೊಂಡು ಒದ್ದಾಡಬೇಕಿತ್ತು. 2021ರ ಕಾನೂನು ಅದನ್ನು ಸರಿ ಮಾಡಿತು. ಆದರೆ ಹಾಗೆ ಸರಿ ಮಾಡುವಾಗ ಸಿಎಸ್‌ಯುನ ಹಳೇ ಪಟ್ಟಿಯಲ್ಲಿದ್ದ ಒಂದು ಮನೆಯನ್ನು ತೆಗೆದುಹಾಕಿದರು. ಬದುಕಿಡೀ ಕಲಿಕೆ, ಸ್ವಂತ ಬೆಳವಣಿಗೆ ಅನ್ನುವ ಮನೆ. ಪೌಷ್ಟಿಕ ಆಹಾರ, ಆರೋಗ್ಯ, ದುಡ್ಡಿನ ನಿರ್ವಹಣೆ ಇಂಥ ಕೋರ್ಸುಗಳು ಅಲ್ಲಿ ಬರುತ್ತಿದ್ದವು. ಈಗ ಅವೆಲ್ಲ ಬೇಕೆಂದರೆ ಎಲೆಕ್ಟಿವ್ ಜಾಗದಲ್ಲೇ ನುಸುಳಬೇಕು. ಯುಸಿಯ ಪಟ್ಟಿಯಲ್ಲಿದ್ದ ಇಂಗ್ಲಿಷೇತರ ಭಾಷೆಯ ಮನೆಯೂ ಹೋಯಿತು. ಆರನೇ ತರಗತಿಯಲ್ಲಿ ಅಥವಾ ಅದಕ್ಕೂ ಮೇಲೆ ಎರಡು ವರ್ಷ ಇಂಗ್ಲಿಷ್ ಅಲ್ಲದ ಮಾಧ್ಯಮದಲ್ಲಿ ಓದಿದ್ದರೆ ಆ ಮನೆ ತಾನಾಗಿ ತುಂಬುತ್ತಿತ್ತು. ಕನ್ನಡ ಮೀಡಿಯಂ ಅಂಕಪಟ್ಟಿ ಬರ್ಕ್ಲಿ ಬಾಗಿಲಲ್ಲಿ ನಡೆಯುತ್ತಿತ್ತು ಅನ್ನುವುದು ನನಗೆ ಒಂಥರಾ ಹೆಮ್ಮೆ. ಬೇಗ ಮುಗಿಸಿ, ಜಾಸ್ತಿ ಯೂನಿಟ್ ಮಾಡಬೇಡಿ ಅನ್ನುವುದು ಈಗಿನ ಮಂತ್ರ. ಬಾಡಿಗೆ ಕಟ್ಟಿಕೊಂಡು, ಸಂಜೆ ಕೆಲಸ ಮಾಡಿಕೊಂಡು ಓದುವ ಹುಡುಗಿಗೆ ಅದು ವರ. ಹದಿನೆಂಟರಲ್ಲಿ ಏನು ಬೇಕು ಅಂತ ಗೊತ್ತಿಲ್ಲದ ನಮ್ಮ ಹುಡುಗನಂಥವರಿಗೆ ಮಾತ್ರ ಸ್ವಲ್ಪ ಉಸಿರು ಕಟ್ಟುತ್ತದೆ.

ಕೊನೆಗೆ ಮೇಜಿನ ಮೇಲೆ ಆದ ಒಪ್ಪಂದ ಇದು. ಮೊದಲ ಫಾಲ್‌ನಲ್ಲಿ ಇಂಗ್ಲಿಷ್, ಸ್ಟ್ಯಾಟಿಸ್ಟಿಕ್ಸ್, ಸೈಕಾಲಜಿ, ಜೊತೆಗೆ ಸೆರಾಮಿಕ್ಸ್. ಸ್ಪ್ರಿಂಗ್‌ನಲ್ಲಿ ಅಕೌಂಟಿಂಗ್, ಮೈಕ್ರೋ, ಜಿಯಾಲಜಿ, ಕ್ಯಾಲ್ಕುಲಸ್ ಒಂದು. ಡೇವಿಸ್ ಆಸೆ ಆಗಲೂ ಉಳಿದಿದ್ದರೆ ಕ್ಯಾಲ್ಕುಲಸ್ ಎರಡು ಬೇಸಿಗೆಗೆ. ಮೂರು ನಾಲ್ಕು ಯೂನಿಟ್ ಮೇಲಾಗುತ್ತದೆ, ಆಗಲಿ. 70 ಸೆಮಿಸ್ಟರ್ ಯೂನಿಟ್‌ವರೆಗೆ ಅಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರೆ. ಫೈನಾನ್ಷಿಯಲ್ ಏಡ್ ಮೇಲೆ ಓದುವವರು ಹೀಗೆ ಧಾರಾಳ ಮಾಡುವ ಮೊದಲು ಆ ಆಫೀಸಿನಲ್ಲಿ ಕೇಳಬೇಕು, ಡಿಗ್ರಿಗೆ ಬೇಕಿಲ್ಲದ ಕೋರ್ಸಿಗೆ ಆ ದುಡ್ಡು ಬರುವುದಿಲ್ಲ. ತಂಗಿ ಗಂಡ ಸೆರಾಮಿಕ್ಸ್‌ಗೆ ಹೂಂ ಅಂದದ್ದು ಅದು ಯುಸಿಗೂ ಟ್ರಾನ್ಸ್‌ಫರ್ ಆಗುತ್ತದೆ ಅಂತ ಕಾಲೇಜಿನ ಪಟ್ಟಿಯಲ್ಲಿ ತೋರಿಸಿದ ಮೇಲೆಯೇ. ಪೈಥಾನ್ ಬಗ್ಗೆ ಇನ್ನೂ ಒಂದೊಂದು ಮಾತು ಬರುತ್ತಲೇ ಇರುತ್ತದೆ.

ಈಗಿನ ಸಮಸ್ಯೆ ಬೇರೆ. ಸೆರಾಮಿಕ್ಸ್ ಕ್ಲಾಸ್ ಭರ್ತಿಯಾಗಿದೆ, ಇವನು ವೇಟ್‌ಲಿಸ್ಟ್‌ನಲ್ಲಿದ್ದಾನೆ. ಮೊದಲ ದಿನ ಹೋಗಿ ಹಿಂದಿನ ಬೆಂಚಿನಲ್ಲಾದರೂ ಕೂತುಕೋ ಅಂದಿದ್ದೇನೆ. ಹೆಸರು ಕೊಟ್ಟು ಬಾರದವರನ್ನು ಮೊದಲ ವಾರವೇ ಮೇಷ್ಟ್ರು ಪಟ್ಟಿಯಿಂದ ತೆಗೆಯುತ್ತಾರೆ, ಆ ಜಾಗ ಸಾಲಿನಲ್ಲಿರುವವರಿಗೆ ಹೋಗುತ್ತದೆ. ಸಿಗದಿದ್ದರೆ ಅದೇ ಹೊತ್ತಿಗೆ ಫೋಟೋಗ್ರಫಿ ಇದೆ, ಅದರಲ್ಲಿ ಸೀಟು ಖಾಲಿ ಇದೆ ಅಂತ ನಿನ್ನೆ ನೋಡಿದೆ.